ಸೆರಗಿನ ಗಂಟಿನ ಮಣ್ಣು

ಮುಗಿಲುಕಲ್ಲು ಬೆಟ್ಟ,
೨೨೧೪ನೇ ಇಸವಿ, ಎರಡನೇ ಬೇಸಿಗೆಯ ಹನ್ನೊಂದನೇ ದಿನ.

ಹಿಂದಿನ ಕಾಲದ ಹಿರಿಯರಿಗೆ ಕೇತಮ್ಮನ ನಮಸ್ಕಾರಗಳು.

ತಾರೀಖು ನೋಡಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಕೆಲವು ಮಾತುಗಳೂ ನಿಮಗೆ ಹೊಸವಾಗಿರಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಸಂಗತಿಯನ್ನು ನನ್ನ ಕಾಲದವರ ಮುಂದೆ ಆಡುವ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಯಾರೂ ಎದ್ದು ಬಂದು ನನ್ನನ್ನು ಕೇಳಲಾರರು ಎಂದೇ ನಿಮಗೆ ಬರೆಯುತ್ತಿದ್ದೇನೆ.

ನೀವು ರಜೆ ಬಂತೆಂದರೆ ಬಸ್ಸು ಹತ್ತಿ ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿಬರುತ್ತಿದ್ದಿರಂತೆ. ನಮ್ಮಲ್ಲಿ ಅದಕ್ಕೆ ‘ಕಾಡುಸರದಿ’ ಬರಬೇಕಿತ್ತು. ಮಗು ಹುಟ್ಟಿದಾಗಲೇ ಹೆಸರು ಬರೆಸುತ್ತಿದ್ದರು. ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಒಂದು ಹಗಲು ಸಿಗುತ್ತಿತ್ತು. ದಿನಕ್ಕೆ ನಲವತ್ತೇ ಜನ. ಅವರು ಹಲಗೆದಾರಿಯ ಮೇಲೆ ನಡೆದು, ಕೊನೆಯ ದೊಡ್ಡ ಮರವನ್ನು ನೋಡಿ, ಬೆಟ್ಟದ ನೆತ್ತಿಗೇರಿ ಸಾಲುಬೆಟ್ಟಗಳ ಎದುರು ತಂದ ಬುತ್ತಿ ಉಂಡು ಇಳಿಯುತ್ತಿದ್ದರು. ಆ ಮರ ನಾಗಸಂಪಿಗೆ. ತುದಿ ನೋಡಲು ಹೋದರೆ ತಲೆಯ ರುಮಾಲು ಹಿಂದಕ್ಕೆ ಬೀಳುತ್ತಿತ್ತು. ಹಲಗೆಯ ಮೇಲೆ ಅಂಗಾತ ಮಲಗಿ ಸುಮ್ಮನೆ ಮೇಲೆ ನೋಡುತ್ತಿದ್ದವರನ್ನು ಸಂಜೆ ಎಬ್ಬಿಸಿ ಕಳಿಸಬೇಕಾಗುತ್ತಿತ್ತು.

ನನ್ನದು ಕಾಡಿನ ಬಾಗಿಲಿನ ತೊಳೆಕಟ್ಟೆಯಲ್ಲಿ ಕೆಲಸವಾಗಿತ್ತು. ಅದರ ಜೊತೆಗಿದ್ದ ಆರು ದೊಡ್ಡ ಮರಗಳು ಮೊದಲೇ ಬೇರುಕೊಳೆಯಿಂದ ಸತ್ತಿದ್ದವು. ಅದು ಹೊರಗಿನ ಮಣ್ಣಿನ ಜೊತೆ ಬರುವ ರೋಗ. ಉಗುರುಸಂದಿಯಲ್ಲಿ ಅಂಟಿದಷ್ಟು ಮಣ್ಣು ಸಾಕು. ಹಾಗಾಗಿ ಬಂದವರ ಕಾಲನ್ನು ಔಷಧಿ ನೀರಿನಲ್ಲಿ ತೊಳೆದು, ಉಗುರು ಉಜ್ಜಿ, ಬಟ್ಟೆ ಕೊಡವಿಸಿ, ಬಿಳಿ ಬಟ್ಟೆಯ ಜೋಡು ಹಾಕಿಸಿ ಒಳಗೆ ಬಿಡುತ್ತಿದ್ದೆ. ಹತ್ತು ವರ್ಷ ಯಾರನ್ನೂ ತೊಳೆಯದೆ ಬಿಟ್ಟವಳಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚೆನ್ನಾಜಮ್ಮ ಎಂಬ ಮುದುಕಿ ಒಬ್ಬಳೇ ಬಂದು ಕಟ್ಟೆಯ ಮೇಲೆ ಕೂತಳು. ಸೆರಗಿನ ತುದಿಯಲ್ಲಿ ಗಂಟು ಕಂಡಿತು.

“ಅಜ್ಜಿ, ಸೆರಗಲ್ಲಿ ಏನದೆ?”

“ನಮ್ಮೆಜಮಾನ್ರ ಸಮಾಧಿ ಮಣ್ಣು ಕಣವ್ವ,” ಎಂದಳು, ಏನನ್ನೂ ಮುಚ್ಚಿಡದೆ. “ಮದ್ವೆಯಾದ ವರ್ಸ ಇಬ್ರೂ ಇಲ್ಗೆ ಬಂದಿದ್ದೊ. ಮರ ಹೂ ಬುಟ್ಟಿತ್ತು. ಸರದಿ ಬರ್ಲಿ, ಇನ್ನೊಂದ್ಸಲ ಕರ್ಕಂಡೋಯ್ತೀನಿ ಅಂದಿದ್ರು. ಸರದಿಗೆ ಇನ್ನು ನಾಕು ತಿಂಗ್ಳಿತ್ತು, ಜೀವ ತಡೀನಿಲ್ಲ. ಒಂದು ಚಿಟಿಕೆ ಮರದ ಬುಡ್ಕೆ ಹಾಕ್ಬುಟ್ಟು ಬತ್ತೀನಿ ಅಂತ...”

“ಆಗಲ್ಲ ಅಜ್ಜಿ. ಮಣ್ಣು ಒಳಕ್ಕೆ ಬುಡಂಗಿಲ್ಲ.”

ಅವಳು ಬೇಡಿಕೊಳ್ಳಲಿಲ್ಲ. ಅಳಲೂ ಇಲ್ಲ. “ಅಂಗಾ?” ಎಂದು ಗಂಟು ಬಿಚ್ಚಿ, ಮಣ್ಣನ್ನು ನನ್ನ ಅಂಗೈಗೆ ಸುರಿದು, ಕಾಲನ್ನು ನೀರಿಗೆ ಚಾಚಿದಳು. ಪಕ್ಕದಲ್ಲೇ ಬೆಂಕಿಗುಂಡಿ ಇತ್ತು. ಅಂಥದ್ದನ್ನೆಲ್ಲ ಅದಕ್ಕೇ ಹಾಕಬೇಕು. ನಾನು ಮಣ್ಣನ್ನು ಕಟ್ಟೆಯ ಮೂಲೆಯಲ್ಲಿಟ್ಟು ಅವಳ ಕಾಲು ತೊಳೆದೆ, ಬೆರಳುಬೆರಳನ್ನೂ ಉಜ್ಜಿದೆ. ಆಮೇಲೆ ಆ ಮಣ್ಣನ್ನು ಅವಳ ಸೆರಗಿಗೇ ಹಾಕಿ ನಾನೇ ಗಂಟು ಕಟ್ಟಿದೆ.

“ಬಿರ್ರನೆ ಹೋಗು ಅಜ್ಜಿ,” ಅಂದೆ.

ಸಂಜೆ ಖಾಲಿ ಸೆರಗಿನಲ್ಲಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕೂಸು.”

ಮರುವರ್ಷ ಮರದ ಕೆಂಪು ಚಿಗುರು ಬರಲಿಲ್ಲ. ಅದರ ಮರುವರ್ಷ ನೆತ್ತಿಯಿಂದ ಎಲೆ ಉದುರತೊಡಗಿತು. ಪರೀಕ್ಷೆಗೆ ಬಂದವರು ಬೇರು ಅಗೆದು ಮೂಸಿ ನೋಡಿ, ಹಂದಿಯ ಗೊರಸಿನಲ್ಲಿ ಬಂದಿರಬಹುದು, ಮಳೆನೀರಿನಲ್ಲೂ ಬಂದಿರಬಹುದು, ಹೇಳಲಾಗದು ಎಂದು ಬರೆದುಕೊಂಡು ಹೋದರು. ತೊಳೆಕಟ್ಟೆಯವಳು ತುಂಬ ನಿಷ್ಠೆಯವಳು ಎಂದೂ ಬರೆದರಂತೆ. ನಾನು ಬಾಯಿ ಬಿಡಲಿಲ್ಲ. ಮರ ಸತ್ತಿತು. ಸರದಿ ನಿಂತಿತು. ಬರಲಿದ್ದವರಿಗೆಲ್ಲ ಬರುವುದು ಬೇಡವೆಂದು ತಿಳಿಸಲು ನನ್ನನ್ನು ಬಾಗಿಲಿನ ಫೋನಿನ ಹತ್ತಿರ ಕೂರಿಸಿದ್ದಾರೆ. ಸಣ್ಣ ಮಕ್ಕಳ ತಂದೆತಾಯಂದಿರೂ ಫೋನು ಮಾಡುತ್ತಾರೆ.

ಕಳೆದ ವಾರ ಚೆನ್ನಾಜಮ್ಮ ಮಾಡಿದ್ದಳು. ಹಾಸಿಗೆ ಹಿಡಿದಿದ್ದಾಳೆ. ಮರದ ಸುದ್ದಿಯನ್ನು ಮನೆಯವರು ಅವಳಿಗೆ ಹೇಳಿಲ್ಲ.

“ಕಾಲು ತೊಳ್ದ ಕೂಸಾ? ಮರ ಚೆಂದಾಗದಾ?”

“ಚೆಂದಾಗದೆ ಅಜ್ಜಿ.”

“ಹೂ ಬುಟ್ಟದಾ?”

“ಬುಟ್ಟದೆ,” ಎಂದೆ.

ಆಮೇಲೆ ಕೇಳಿದಳು: “ವಾಸ್ನೆ ಎಂಗದೆ ಯೋಳವ್ವ. ನಂಗೆ ಮರ್ತೋಗದೆ.”

ನಾನು ಇಲ್ಲಿಗೆ ಬಂದ ಮೇಲೆ ಆ ಮರ ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಗಾಳಿ ಜೋರಾಗಿದೆ, ಸರಿಯಾಗಿ ಕೇಳಿಸುತ್ತಿಲ್ಲ ಎಂದುಬಿಟ್ಟೆ. “ಆಗ್ಲಿ, ಇನ್ನೊಂದಿನ ಮಾಡ್ತೀನಿ,” ಎಂದಳು.

ಆದ್ದರಿಂದ ಹಿರಿಯರಲ್ಲಿ ಒಂದು ಬೇಡಿಕೆ. ಬೆಟ್ಟ ಹತ್ತುವ ಮುಂಚೆ ಚಪ್ಪಲಿಯ ಮಣ್ಣನ್ನು ಚೆನ್ನಾಗಿ ತೊಳೆದುಕೊಳ್ಳಿ. ಬೇಸಿಗೆಯಲ್ಲಿ ನಾಗಸಂಪಿಗೆ ಹೂ ಬಿಟ್ಟಾಗ ಅದರ ಕೆಳಗೆ ಸ್ವಲ್ಪ ನಿಲ್ಲಿ. ಆ ವಾಸನೆ ಹೇಗಿದೆ ಎಂದು, ಅದನ್ನು ಕಾಣದವಳಿಗೂ ತಿಳಿಯುವಂತೆ ಸರಳವಾಗಿ ಬರೆದು, ಹಾಳಾಗದ ಕಡೆ ಇಡಿ. ಬೇಗ ಬರೆಯಿರಿ. ಮುದುಕಿ ಮತ್ತೆ ಫೋನು ಮಾಡುತ್ತಾಳೆ.