ಯಾರೂ ಒತ್ತದ ಗುಂಡಿ

ಶಿರಸಿ,
೧೮ ಫೆಬ್ರುವರಿ ೨೦೨೫

ಪ್ರೀತಿಯ ದೊಡ್ಡವ್ವನಿಗೆ ಶಿವರಂಜನಿಯ ಶರಣು.

ನಾನಿಲ್ಲಿ ಕ್ಷೇಮ. ಯಲ್ಲಾಪುರದ ವಿಜ್ಞಾನ ಪ್ರದರ್ಶನ ಮುಗಿದು ಹದಿನೇಳು ದಿನಗಳಾದವು. ಫೋನಿನಲ್ಲಿ ನಿನ್ನ ಹೆಸರು ಎರಡು ಸಲ ಬಂತು. ಎರಡು ಸಲವೂ ಅದು ತಾನಾಗಿ ನಿಲ್ಲುವವರೆಗೆ ನೋಡುತ್ತ ಕುಳಿತಿದ್ದೆ. ಈ ತಡಕ್ಕೆ ಪರೀಕ್ಷೆಯ ನೆಪ ಹೇಳಬಹುದಿತ್ತು. ಪರೀಕ್ಷೆ ಇರಲಿಲ್ಲ.

ನಮ್ಮ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಗುಜರಿಯಿಂದ ತಂದ ಲಾರಿಯ ಹದಿನಾರು ಸ್ವಿಚ್ಚುಗಳನ್ನು ಒತ್ತಿದ ಗುಂಡಿ ಯಾವುದೆಂದು ಕಂಪ್ಯೂಟರಿಗೆ ತಿಳಿಸುವ, ಹಳೆಯ ಕೀಬೋರ್ಡಿನ ಎನ್‌ಕೋಡರಿಗೆ ಜೋಡಿಸಿ, ಪರದೆಯ ಮೇಲಿನ ಲಾರಿಯನ್ನು ಘಟ್ಟ ಇಳಿಸುವ ಯೋಜನೆ ನನ್ನದು. ಬೆಸುಗೆ ನಿನ್ನದು, ದಾಸನಕೊಪ್ಪದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಪಂಪಿನ ಮೋಟರುಗಳಿಗೆ ವೈಂಡಿಂಗ್ ಮಾಡಿದ ಕೈಯದು. ನನ್ನ ವೈರಿಂಗ್ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೀನು ಕೇಳಿದ್ದೆ: “ಹಾರ್ನು, ಡಿಪ್ಪರು, ಇಂಡಿಕೇಟರು ಮೂರೂ ಒಮ್ಮೆಲೆ ಒತ್ತಿದ್ರ ಏನಾಕ್ಕೈತವಾ? ತಿರುವಿನ್ಯಾಗ ಡ್ರೈವರ್ ಮಂದಿ ಒತ್ತೇ ಒತ್ತತಾರ.”

ನಾನು ತಲೆ ಎತ್ತದೆ, “ನೀ ತಾಮ್ರ ಸುತ್ತಾಕಿ, ದೊಡ್ಡವ್ವ. ಇದು ಲಾಜಿಕ್,” ಎಂದೆ. ನೀನು ನಕ್ಕು ಕೆಲಸಕ್ಕೆ ಕುಳಿತೆ.

ಯಲ್ಲಾಪುರದ ಪ್ರದರ್ಶನದಲ್ಲಿ ಕಿರವತ್ತಿಯ ಲಾರಿ ಚಾಲಕ ಚನ್ನಬಸವಣ್ಣ ನಮ್ಮ ಪೆಟ್ಟಿಗೆಯ ಮುಂದಿನ ಸೀಟಿನಲ್ಲಿ ಕುಳಿತರು. ಮೊದಲ ತಿರುವಿನಲ್ಲೇ ಆ ಮೂರನ್ನೂ ಒಟ್ಟಿಗೆ ಒತ್ತಿದರು. ಪರದೆಯಲ್ಲಿ, ಒಣರಸ್ತೆಯ ಮೇಲೆ, ವೈಪರ್ ಆಡತೊಡಗಿತು. “ಮಳೀನ ಇಲ್ಲ, ವೈಪರ್ ಯಾರ್ ಹಾಕಿದ್ರವಾ? ಒಳಗ ಕ್ಲೀನರ್ ಕುಂತಾನೇನ?” ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಏಳನೆಯ ತರಗತಿಯಿಂದ ಪ್ರತಿ ವರ್ಷ ಮೊದಲಿಗಳಾಗಿ ಬಂದ ನನ್ನನ್ನು ನೋಡಿ ಅದುವರೆಗೆ ಯಾರೂ ನಕ್ಕಿರಲಿಲ್ಲ.

ತೀರ್ಪುಗಾರರು ಕಾರಣ ಕೇಳಿದರು. “ನಕ್ಷೆ ಸರಿಯಾಗಿದೆ ಸರ್. ಸೋಲ್ಡರಿಂಗ್ ಹಳ್ಳಿಯಲ್ಲಿ ಮಾಡಿಸಿದ್ದು,” ಎಂದೆ. ಮಾಡಿಸಿದ್ದು! ನೀನು ಎರಡು ಹೆಜ್ಜೆ ಹಿಂದೆ, ಹೊಸ ಇಳಕಲ್ಲು ಸೀರೆಯುಟ್ಟು ನಿಂತಿದ್ದೆ. ನೀನೇ ಮುಂದೆ ಬಂದು, “ಹೌದ್ರಿ, ನನ್ನ ಕೈತಪ್ಪು. ಈಗೀಗ ಕಣ್ಣು ಮಂಜಾಗ್ಯಾವ,” ಎಂದೆ. ನಕ್ಷೆ ಸರಿಯೆಂದು ನಂಬಿ ನನಗೆ ಪ್ರಥಮ ಬಹುಮಾನ ಕೊಟ್ಟರು.

ಹಾಸ್ಟೆಲಿಗೆ ಬಂದು ಪೆಟ್ಟಿಗೆ ಬಿಚ್ಚಿದೆ. ಮೂವತ್ತೆರಡು ಬೆಸುಗೆಗಳನ್ನೂ ಒಂದೊಂದಾಗಿ ಎಳೆದು ನೋಡಿದೆ. ಒಂದಾದರೂ ಕಿತ್ತು ಬರಲಿ ಎಂದು ಬಯಸಿದೆ, ದೊಡ್ಡವ್ವ. ಒಂದೂ ಬರಲಿಲ್ಲ. ಮೋಟರಿನ ಸುರುಳಿಗೆ ಕಟ್ಟುವ ಹಾಗೆಯೇ ನೀನು ತಂತಿಗಳನ್ನು ನೂಲಿನಿಂದ ಬಿಗಿದು ಕಟ್ಟಿದ್ದೆ. ತಪ್ಪು ನಕ್ಷೆಯಲ್ಲಿತ್ತು. ಆ ಮೂರು ಸ್ವಿಚ್ಚುಗಳನ್ನು ನಾನು ಅಡ್ಡ-ಉದ್ದ ತಂತಿಗಳ ಒಂದು ಚೌಕದ ಮೂರು ಮೂಲೆಗಳಿಗೆ ಹಾಕಿದ್ದೆ. ಮೂರೂ ಕೂಡಿದರೆ ಕರೆಂಟು ಸುತ್ತಿಬಂದು, ಯಾರೂ ಒತ್ತದ ನಾಲ್ಕನೆಯದನ್ನೂ ಒತ್ತಿದ್ದಾರೆಂದು ಎನ್‌ಕೋಡರ್ ತಿಳಿಯುತ್ತದೆ. ಆ ನಾಲ್ಕನೆಯ ಮೂಲೆಯಲ್ಲಿ ವೈಪರ್ ಇತ್ತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಸ್ವಿಚ್ಚಿಗೊಂದರಂತೆ ಹಾಕಿದ್ದರೆ ಸಾಕಿತ್ತು.

ಮತ್ತಿಘಟ್ಟದ ಸದಾಶಿವಪ್ಪ ರಿಪೇರಿಗೆ ಕೊಟ್ಟಿದ್ದ ತಮ್ಮ ಪಂಪನ್ನು ನಿನ್ನಿಂದ ಮರಳಿ ಒಯ್ದರಂತೆ. “ಪಾರ್ವತವ್ವನ ಕಣ್ಣು ಹೋಗ್ಯಾವಂತ, ಆಕೀನ ಹೇಳ್ಯಾಳ,” ಎಂದರಂತೆ. ನಿನ್ನೆ ಅವ್ವ ಇದನ್ನು ಹೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಇಂದು ಬೆಳಿಗ್ಗೆ ಬಹುಮಾನಪತ್ರವನ್ನು ವಿಭಾಗದ ಮುಖ್ಯಸ್ಥರಿಗೆ ಹಿಂದಿರುಗಿಸಿದೆ. ತಪ್ಪು ನನ್ನ ನಕ್ಷೆಯದು, ಪಾರ್ವತವ್ವನವರ ಬೆಸುಗೆಯಲ್ಲಿ ಒಂದೂ ದೋಷವಿಲ್ಲ ಎಂದು ಬರೆದುಕೊಟ್ಟೆ. ಅದರ ಪ್ರತಿ ಇದರೊಂದಿಗಿದೆ, ಸದಾಶಿವಪ್ಪನವರಿಗೆ ತೋರಿಸು. ಸಾಲದಿದ್ದರೆ ಭಾನುವಾರ ನಾನೇ ಬಂದು ನಿನ್ನ ಅಂಗಡಿಯಲ್ಲಿ ನಿಂತು, ಬಂದವರಿಗೆಲ್ಲ ಹೇಳುತ್ತೇನೆ.

ಆಶೀರ್ವಾದ ಕೇಳುವ ಧೈರ್ಯ ಇಂದು ಇಲ್ಲ. ನಿನ್ನ ಕಣ್ಣು, ಕೈಗಳನ್ನು ಶಿವ ಕಾಯಲಿ.

ನಿನ್ನ ಮಗಳಂಥ
ಶಿವರಂಜನಿ

ತಾ.ಕ.: ಪೆಟ್ಟಿಗೆ ಬಿಚ್ಚಿದ ಮೇಲೆ ತಪ್ಪು ತಿಳಿಯಿತೆಂಬಂತೆ ಮೇಲೆ ಬರೆದಿದ್ದೇನೆ. ಮುಖ್ಯಸ್ಥರಿಗೂ ಹಾಗೆಯೇ ಬರೆದೆ. ಅದು ಸುಳ್ಳು, ನಾಳೆ ಅದನ್ನೂ ತಿದ್ದಿಕೊಡುತ್ತೇನೆ. ವೈಪರ್ ಆಡಿದ ಕ್ಷಣವೇ, ಬಾಯಿ ತೆರೆಯುವ ಮೊದಲೇ, ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಆಮೇಲೆ ನಿನ್ನ ಬೆಸುಗೆಗಳನ್ನು ಎಳೆದು ನೋಡಿದೆ. ನನಗೆ ಗೊತ್ತೆಂಬುದು ನಿನಗೂ ಗೊತ್ತಾಗಿತ್ತು. ಕಣ್ಣು ಮಂಜಾಗಿವೆ ಎಂದು ಹೇಳುವಾಗ ನೀನು ನೇರವಾಗಿ ನನ್ನ ಕಣ್ಣನ್ನೇ ನೋಡುತ್ತಿದ್ದೆ.