ಕಣ್ಣು ಬಿಡದ ರಾಣಿ

ಫೆಬ್ರವರಿ 8, ಶನಿವಾರ

ಇವತ್ತೂ ರಾಣಿಯ ಕತ್ತಿನ ಲೇಸಿನಲ್ಲೇ ಚಿತ್ರಕಲೆ ಕ್ಲಾಸು ಮುಗಿಯಿತು. ಟ್ಯೂಡರ್ ಕಾಲದ ಇಂಗ್ಲಿಷ್ ರಾಣಿ, ಬಿಸ್ಕೆಟಿಗಿಂತ ಚಿಕ್ಕವಳು. ಮೂಲ ಚಿತ್ರ ಮ್ಯೂಸಿಯಮ್ಮಿನ ಅರೆಗತ್ತಲ ಕೋಣೆಯಲ್ಲಿದೆ. ನನ್ನದು ಫೋಟೋ ನೋಡಿ ಮಾಡುತ್ತಿರುವ ನಕಲು. ಕಣ್ಣು ಯಾಕೆ ಖಾಲಿ ಬಿಟ್ಟಿದ್ದೀಯ ಅಂತ ಟೀಚರ್ ಮತ್ತೆ ಕೇಳಿದರು. ಮೈಸೂರಿನ ಸೋದರತ್ತೆ ಹಾಗೇ ಕಲಿಸಿದ್ದು— ದೇವರ ಪಟಕ್ಕೂ ಕಣ್ಣು ಕೊನೆಗೇ, ಬರೆದ ಕೂಡಲೇ ಎದುರಿಗೆ ಕನ್ನಡಿ ಹಿಡಿಯಬೇಕು, ಮೊದಲ ನೋಟ ಅದರ ಮೇಲೇ ಬೀಳಬೇಕು ಅಂದೆ. "ಹೌ ಲವ್ಲಿ, ಅಂಬುಜಾ" ಅಂದರು. ಅವರಿಗೆ ಎಲ್ಲವೂ ಲವ್ಲಿ.

ಫೆಬ್ರವರಿ 10, ಬೆಳಿಗ್ಗೆ

ಟ್ರಾಮಿನಲ್ಲಿ ತೂಕಡಿಕೆ. ಪಕ್ಕದ ಸೀಟಿನಲ್ಲಿ ರಾಣಿ ಕೂತಿದ್ದಳು, ಅಷ್ಟಗಲ ಲೇಸು, ಮೈತುಂಬ ಮುತ್ತು. ಕಣ್ಣು ಮುಚ್ಚಿಕೊಂಡೇ "ವೆಸ್ಟ್ ಕ್ರೋಯ್ಡನ್ ಬಂತೇನೇ?" ಅಂತ ಕೇಳಿದಳು, ಅಚ್ಚ ಮೈಸೂರು ಕನ್ನಡದಲ್ಲಿ. ಎಚ್ಚರವಾದಾಗ ನನ್ನ ಸ್ಟಾಪ್ ದಾಟಿಹೋಗಿತ್ತು.

ಫೆಬ್ರವರಿ 22

ಲೇಸಿನ ಗೆರೆ ಅಲೆಅಲೆಯಾಗಿ ಬರುತ್ತಿದೆ. ಬ್ರಷ್ಷನ್ನು ಬೈದೆ. ಆಮೇಲೆ ನೋಡಿದರೆ ಬಾಗಿಲ ಚೌಕಟ್ಟೂ ಬಗ್ಗಿದೆ...

ಮಾರ್ಚ್ 19

ಕಣ್ಣಿನ ಆಸ್ಪತ್ರೆ. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆಯಂತೆ. ಪೂರ್ತಿ ಕುರುಡಾಗುವುದಿಲ್ಲ, ನೇರ ನೋಡಿದ್ದು ಮಾತ್ರ ಮಸುಕು. ಮುಖ, ಅಕ್ಷರ, ಸೂಜಿಯ ತುದಿ. ಅಂದರೆ ನನಗೆ ಬೇಕಾದ್ದಷ್ಟೂ. ಮಗಳು ಕೃತಿ ಲಿಫ್ಟಿನಲ್ಲೂ ನನ್ನ ಕೈ ಬಿಡಲಿಲ್ಲ.

ರಾಣಿಯ ಕಣ್ಣನ್ನು ಮೊದಲೇ ಬರೆದುಬಿಡಬೇಕಿತ್ತು. ಎಂದೋ ತೀರಿಹೋದ ಸೋದರತ್ತೆಯ ಮೇಲೆ ಸಿಟ್ಟು. ಭಯವಾಗುತ್ತಿದೆ.

ಜೂನ್ 1, ಭಾನುವಾರ

ಈಗ ಡೈರಿಗೂ ಮಾರ್ಕರ್ ಪೆನ್ನು, ದೊಡ್ಡ ದೊಡ್ಡ ಅಕ್ಷರ. ಪುಟಕ್ಕೆ ನಾಲ್ಕೇ ಸಾಲು ಹಿಡಿಸುತ್ತದೆ.

ಬ್ರಷ್ ಕೃತಿಯ ಕೈಗೆ ಕೊಟ್ಟೆ.

"ನೀನೇ ಬರಿ."

"ಅಮ್ಮ, ಐ ಕಾಂಟ್. ಐ'ಲ್ ರೂಯಿನ್ ಹರ್."

"ಹಾಳಾದ್ರೂ ಪರವಾಗಿಲ್ಲ, ಕಣ್ಣು ಬಿಡ್ಲಿ. ಎಷ್ಟು ದಿನದಿಂದ ಕಾಯ್ತಿದಾಳೆ ಪಾಪ."

ಕಿಟಕಿಯ ಬೆಳಕಿಗೆ ಕೂತಳು. ಎದುರಿಗೆ ನಾನು, ಮಡಿಲಲ್ಲಿ ಕೈಗನ್ನಡಿ. ಆಗಾಗ ತಲೆ ಎತ್ತುತ್ತಿದ್ದಳು— ಫೋಟೋ ನೋಡುತ್ತಿದ್ದಾಳೆ ಅಂದುಕೊಂಡೆ.

"ಆಯ್ತಾ?"

"ಹ್ಞೂಂ. ಬೈಬೇಡ. ದೆ ಆರ್ ಬ್ರೌನ್."

ರಾಣಿಯದು ಬೂದುಗಣ್ಣು. ಅಷ್ಟು ದೊಡ್ಡ ಫೋಟೋ ಮುಂದೆಯೇ ಇತ್ತು.

"ಬ್ರೌನ್ ಯಾಕೆ?"

"ಐ ವಾಸ್ ಲುಕಿಂಗ್ ಅಟ್ ಯುವರ್ಸ್, ಅಮ್ಮ."

ಕನ್ನಡಿ ಎತ್ತಿ ರಾಣಿಗೆ ಹಿಡಿದೆ. ನಾನೂ ಬಗ್ಗಿ ಕನ್ನಡಿಯೊಳಗೆ ಇಣುಕಿದೆ. ನೇರ ನೋಡಿದರೆ ಬರೀ ಮಸುಕು. ಮುಖ ಸ್ವಲ್ಪ ಓರೆ ಮಾಡಿದೆ. ಅಂಚಿನಲ್ಲಿ ಲೇಸು ಬಂತು, ಮುತ್ತು ಬಂತು, ಆಮೇಲೆ ಎರಡು ಕಂದು ಚುಕ್ಕೆ, ಒದ್ದೆಒದ್ದೆ— ನನ್ನನ್ನೇ ನೋಡುತ್ತಿದ್ದವು.