ಚಂದಯ್ಯಣ್ಣ ರಗ್ಬಿ ಆಡಿದ್ದು ಹೌದೋ ಅಲ್ಲವೋ

ಮರವಂತೆ
೧೨ ನವೆಂಬರ್ ೨೦೨೪, ಮಂಗಳವಾರ

ಮುಂಬೈ ಮಹಾನಗರದಲ್ಲಿ ಸೋದರಮಾವನ ಕ್ಯಾಂಟೀನಿನ ಗಲ್ಲಾದ ಹಿಂದೆ ವಿರಾಜಮಾನನಾಗಿರುವ, ನಮ್ಮ ತಂಡದ ಮಾಜಿ ನಾಯಕ ಸುಜನ ಮಹಾಶಯನಿಗೆ,

ನಮ್ಮ ರಗ್ಬಿ ಗುರು ಚಂದಯ್ಯಣ್ಣನ ಅಭಿಮಾನಿ ಬಳಗದ ಕಾರ್ಯದರ್ಶಿ ಶೈಲೇಶ ಮಾಡುವ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಎಂದದ್ದು ಬರೀ ಮರ್ಯಾದೆಗೆ ಅಲ್ಲ ಮರಾಯಾ. ಭಾನುವಾರ ಊರಿನವರ ಎದುರು ಮರಳಿನ ಮೇಲೆ ನಿಜವಾಗಿಯೂ ಉದ್ದಕ್ಕೆ ಬಿದ್ದಿದ್ದೇನೆ. ಎಂಟು ಅಂಗಗಳಿಗೂ ಅದು ಇನ್ನೂ ನೆನಪಿದೆ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನನ್ನ ಫೋನು ನನ್ನ ಕೈಯಲ್ಲಿ ಇರುವುದಕ್ಕಿಂತ ಸೋಮನ ಕೈಯಲ್ಲಿ ಇರುವುದೇ ಹೆಚ್ಚು. ನೀನು ಕಳೆದ ವಾರ ಕಳಿಸಿದ ಸುದ್ದಿಯನ್ನು ಓದಿದ ಕೂಡಲೇ ಅಳಿಸಿಬಿಟ್ಟೆ. ತಂಡದ ಯಾರಿಗೂ ಹೇಳಿಲ್ಲ. ಹೇಳದೆ ಇರುವುದು ನನ್ನಂಥ ಬಾಯಿಹರುಕನಿಗೆ ಎಂಥ ಶಿಕ್ಷೆ ಎಂದು ನಿನಗೆ ಗೊತ್ತು. ಕೂತಲ್ಲಿ ಕೂರಲಿಕ್ಕಾಗಲಿಲ್ಲ, ಊಟದ ನಡುವೆ ಎದ್ದು ಹೋದೆ, ಹೆದ್ದಾರಿಯ ಈಚೆ ಕಡಲು ನೋಡಿದೆ, ಆಚೆ ಹೊಳೆ ನೋಡಿದೆ, ಎರಡೂ ಸುಮ್ಮನೆ ಇದ್ದವು. ಅಮ್ಮ ನನಗೆ ಯಾರೋ ಹುಡುಗಿ ಕೈಕೊಟ್ಟಿದ್ದಾಳೆ ಎಂದು ತೀರ್ಮಾನಿಸಿ ಮೀನಿನ ತಲೆಯ ಭಾಗ ನನಗೇ ಬಡಿಸಿದಳು.

ಆಗಿದ್ದು ಇಷ್ಟು. ಚಂದಯ್ಯಣ್ಣ ಬೆಳಿಗ್ಗೆ ರಂಪಣಿ ಬಲೆ ಎಳೆದು ಬಂದು, ಜಗುಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಉತ್ತರಕ್ರಿಯೆ ಮುಗಿದ ಮೇಲೆ ನಾವು ನುಡಿನಮನ ಸಭೆ ಮಾಡುತ್ತೇವೆ, ಜನವರಿಯ ಕ್ರೀಡಾಕೂಟದಲ್ಲಿ ಅವರ ಹೆಸರಿನಲ್ಲಿ ರಗ್ಬಿ ಪಂದ್ಯ ಇಡುತ್ತೇವೆ, ಗೆದ್ದವರಿಗೆ ಶೀಲ್ಡು ಕೊಡುತ್ತೇವೆ ಎಂದು ಹೊರಟೆವು. ಕ್ರೀಡಾಕೂಟದ ಅಧ್ಯಕ್ಷ ರಾಘವೇಂದ್ರಣ್ಣ ಅಡ್ಡ ಹಾಕಿದ.

"ರಗ್ಬಿ ಅಂದ್ರೆ ಎಂತದಾ? ತಲಿಗೆ ಹೆಲ್ಮೆಟ್ ಹಾಕಂಡ್ ಆಡುದಾ?"

"ಅದ್ ಅಮೆರಿಕದ್ದ್. ಇದ್ರಗೆ ಹೆಲ್ಮೆಟ್ ಇಲ್ಲೆ," ಎಂದ ಸೋಮ.

"ಹಂಗಾರೆ ತಲಿ ಇಲ್ದಿದ್ದವರ್ ಆಡುದ್. ಕಾಣ್ ಶೈಲೇಶಾ, ಚಂದಯ್ಯ ಬೊಂಬಾಯಿಲ್ ಆಡಿದ್ದ್ ಕಂಡವ್ರ್ ಯಾರಿದ್ರ್? ಅವ್ನೇ ಹೇಳಿದ್ದ್, ನೀವೇ ನಂಬಿದ್ದ್. ಕಂಡವ್ರನ್ ಒಬ್ರನ್ನ ಕರ್ಕಂಡ್ ಬಾ. ಇಲ್ದಿದ್ರೆ ಶೀಲ್ಡಿಗೆ ಕಬಡ್ಡಿ ಅಂತ ಬರ್ಸುವ, ಕಬಡ್ಡಿಯೇ ಆಡ್ಸುವ."

ಅದಕ್ಕೇ ನಾನು ನಿನ್ನನ್ನು ಅವರು ಆಡಿದೆ ಎನ್ನುತ್ತಿದ್ದ ಆ ಕ್ಲಬ್ಬಿಗೆ ಓಡಿಸಿದ್ದು. ನೀನು ಹೋಗಿ ಕೇಳಿದೆ, ಗೇಟಿನ ಮುದಿ ವಾಚ್‌ಮನ್ ಹೇಳಿದ: ಚಂದು ಎಂಬ ಒಬ್ಬ ಇದ್ದ, ಬೆಳಿಗ್ಗೆ ಆಟಗಾರರಿಗೆ ಚಹಾ ತರುತ್ತಿದ್ದ.

ಸುಜನಾ, ನಾವು ಏಳು ಜನ ಯಾವ ಧೈರ್ಯದ ಮೇಲೆ ಚಂದಯ್ಯಣ್ಣನಿಂದ ಬೈಸಿಕೊಂಡೆವು? ಸಿಪ್ಪೆ ತೆಗೆಯದ ಒಣ ತೆಂಗಿನಕಾಯಿಯನ್ನು ಚೆಂಡು ಎಂದು ನಂಬಿ, ಮುಂದಕ್ಕೆ ಓಡುತ್ತಾ ಹಿಂದಕ್ಕೇ ಎಸೆಯಬೇಕು ಎಂಬ ವಿಚಿತ್ರ ಕಾನೂನನ್ನು ಪಾಲಿಸಿ, ಊರವರ ನಗೆ ಕೇಳಿ ವರ್ಷಗಟ್ಟಲೆ ಬಿದ್ದೆದ್ದದ್ದು ಒಬ್ಬ ಚಹಾದವನ ಮಾತು ಕೇಳಿಯಾ? ಚಹಾದವನಾದರೆ ತಪ್ಪೇನಿಲ್ಲ. ಆದರೆ ಅವರು ಸುಳ್ಳು ಹೇಳಿದ್ದರೆ? ಅದೊಂದೇ ನನ್ನನ್ನು ಕೊರೆಯುತ್ತಿದ್ದದ್ದು.

ಉಳಿದದ್ದು ಒಬ್ಬರೇ ಸಾಕ್ಷಿ. ಅವರ ಹೆಂಡತಿ ಸುಗುಣಕ್ಕ. ಮುಂಬೈಯಲ್ಲಿ ಜೊತೆಗಿದ್ದವರು, ಊರಿಗೆ ಬಂದ ಮೇಲೆ ಬೇರೆಯಾಗಿ ಬೈಂದೂರಿನಲ್ಲಿ ತಂಗಿಯ ಮನೆ ಸೇರಿದವರು. ಬೈಕಿನಲ್ಲಿ ಹೋದೆ. ಅಂಗಳದಲ್ಲಿ ಕೂತು ಒಣಮೀನು ಹರವುತ್ತಿದ್ದರು. ಬಳಗದ ಪರವಾಗಿ ಒಂದು ದೀರ್ಘ ಭಾಷಣವನ್ನೇ ಮಾಡಿದೆ. ಅವರು ತಲೆ ಎತ್ತಲಿಲ್ಲ. ಕೊನೆಗೆ, "ಬತ್ತೆ. ನೀ ಕಾಗಿ ಓಡ್ಸ್," ಎಂದರು. ನೋಡಿದರೆ ನನ್ನ ವಾಗ್ವೈಖರಿಯ ಹೊತ್ತಿನಲ್ಲಿ ಕಾಗೆ ಎರಡು ಮೀನು ಎತ್ತಿಕೊಂಡು ಹೋಗಿತ್ತು.

ಬಲೆ ಒಣಗಿಸುವ ಜಾಗದಲ್ಲಿ ಶಾಮಿಯಾನ ಹಾಕಿದೆವು. ಈ ಮಳೆಗಾಲದಲ್ಲಿ ಕಡಲು ಕೊರೆದು ಉಳಿದದ್ದೇ ಅಷ್ಟು ಜಾಗ. ಫ್ಲೆಕ್ಸಿನ ಬಗ್ಗೆ ಮಾತ್ರ ನಿನ್ನ ಕ್ಷಮೆ ಇರಲಿ. ಅವರು ಆಡುವ ಒಂದು ಫೋಟೋವೂ ಸಿಗದ ಕಾರಣ, ಆಧಾರ್ ಕಾರ್ಡಿನ ತಲೆಯನ್ನು ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಯಾವುದೋ ದೇಶದ ಆಟಗಾರನ ಮೈಗೆ ಅಂಟಿಸಿದ್ದೆ. ದೂರದಿಂದ ಬಹಳ ಭವ್ಯವಾಗಿ ಕಾಣುತ್ತಿತ್ತು. ಹತ್ತಿರ ಬಾರದಂತೆ ಎದುರು ಹೂಕುಂಡಗಳನ್ನು ಇಟ್ಟಿದ್ದೆ.

ಸಭೆಯಲ್ಲಿ ಅವರನ್ನು ಎಲ್ಲರೂ ನೆನಪಿಸಿಕೊಂಡರು, ರಗ್ಬಿ ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು, ರಗ್ಬಿಯಲ್ಲಿ ಅವರು ಅನೇಕ ವಿಕೆಟ್ ಪಡೆದದ್ದನ್ನು ಗದ್ಗದ ಕಂಠದಿಂದ ಹೇಳಿದರು. ಇನ್ನೊಬ್ಬರು ಅವರ ಸರ್ವೀಸನ್ನು ಹೊಗಳಿದರು. ನಾನು ಗಂಭೀರವಾಗಿ ತಲೆದೂಗಿದೆ. ನಮ್ಮ ಬಳಗದ ಪರವಾಗಿ ಸೋಮ ಎದ್ದ. ನಾನು ಎರಡು ಪುಟ ಬರೆದುಕೊಟ್ಟಿದ್ದೆ. ಅದನ್ನು ಮಡಚಿ ಜೇಬಿಗೆ ಹಾಕಿ, "ಅವ್ರ್ ದಿನಾ ಬೈತಿದ್ರ್. ಈಗ ಯಾರೂ ಬೈತಿಲ್ಲೆ," ಎಂದು ಹೇಳಿ ಕೂತ. ಆಮೇಲೆ ನನಗೆ ಯಾವ ಚೇಷ್ಟೆಯೂ ತೋಚಲಿಲ್ಲ.

ಸುಗುಣಕ್ಕನನ್ನು ಕರೆದರು. ಅವರು ಮೈಕಿನ ಹತ್ತಿರ ಹೋಗದೆ ನೇರ ಹೂಕುಂಡಗಳನ್ನು ದಾಟಿ ಫ್ಲೆಕ್ಸಿನ ಎದುರು ನಿಂತರು.

"ಇದ್ ಯಾರ್ ಕಾಲ್?"

ನಾನು ಹೂಕುಂಡವೊಂದನ್ನು ಸರಿಪಡಿಸಲು ಬಗ್ಗಿದೆ.

"ತಲಿ ಅವ್ರದ್ದೇ. ಕಾಲ್ ಅವ್ರದ್ದಲ್ಲ. ಅವ್ರ ಕಾಲ್ ಇಷ್ಟ್ ಬಿಳಿ ಇರ್ಲಿಲ್ಲೆ."

ಜನ ನಕ್ಕರು. ರಾಘವೇಂದ್ರಣ್ಣ ನನ್ನನ್ನು ಒಮ್ಮೆ ನೋಡಿದ. ಆ ನೋಟದಲ್ಲಿ ಕಬಡ್ಡಿ ಇತ್ತು. "ಸುಗುಣಕ್ಕ, ಬೊಂಬಾಯಿಲ್ ಅವ್ರ್ ಎಂತ ಮಾಡ್ತಿದ್ರ್, ಹೇಳಿನಿ," ಎಂದು ಮೈಕನ್ನು ಅವರ ಮುಂದೆ ಹಿಡಿದ.

"ಕ್ಯಾಂಟೀನಿಲ್ ಇದ್ದಿದ್ರ್. ಕ್ಲಬ್ಬಿಗೆ ಚಾ ತಕಂಡ್ ಹೋತಿದ್ರ್."

ಹೋಗಿ ಮೈಕಿನ ವಯರು ಕೀಳಲೇ ಎಂದುಕೊಂಡೆ, ನಿಜ.

"ಒಂದಿನ ಆಟಕ್ಕೆ ಒಬ್ರ್ ಕಮ್ಮಿ ಆಯ್ತಂಬ್ರ್. ಚಾ ಕೆಟ್ಲ್ ಇಟ್ಟ್ ಬಾ, ಸುಮ್ನೆ ನಿಲ್ಲ್ ಅಂದ್ರಂಬ್ರ್. ಇವ್ರಿಗೆ ಸುಮ್ನೆ ನಿಲ್ಲುಕೆ ಬತ್ತಿಲ್ಲೆ ಅಲ್ದಾ? ಆಮೇಲೆ ಪ್ರತಿ ಆಯ್ತಾರ ಕರ್ದ್ರ್."

"ನೀವ್ ಕಣ್ಣಾರೆ ಕಂಡಿದ್ರ್ಯಾ?"

"ಇಲ್ಲೆ. ಗ್ರೌಂಡಿಗೆ ಹೋತಿದ್ದೆ. ಮೊದ್ಲ್ನೇ ಸಲ ನಾಕ್ ಜನ ಸೇರಿ ಅವ್ರನ್ ಕೆಡಗಿದ್ದ್ ಕಂಡೆ. ಆಮೇಲೆ ಯಾವತ್ತೂ ಕಣ್ ಮುಚ್ಕಂಡೇ ಕೂತದ್ದ್."

ಈಗ ಶಾಮಿಯಾನ ಹಾರಿಹೋಗುವಷ್ಟು ನಗು. ರಾಘವೇಂದ್ರಣ್ಣನೂ ನಗುತ್ತಾ, "ಕಣ್ ಮುಚ್ಚಿದ್ ಸಾಕ್ಷಿ! ಹಂಗಾರೆ ನಿಮ್ಗೆಂತ ಗೊತ್ತ್ ಸುಗುಣಕ್ಕ?" ಎಂದ.

ಅವರು ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಶಾಮಿಯಾನದ ಹೊರಗೆ ಬಯಲು ಮರಳಿಗೆ ಹೋಗಿ ನಿಂತು, ನನ್ನತ್ತ ಕೈ ತೋರಿದರು.

"ಹ್ವಾಯ್ ಮಾಣಿ, ಭಾಷಣದವ್ನೇ. ಓಡ್ಕಂಡ್ ಬಾ ಕಾಂಬ."

ನಾನು ವಿನಯದಿಂದ, ಮದುಮಗನ ಹಾಗೆ ಹೆಜ್ಜೆ ಹಾಕಿದೆ.

"ನಡ್ಕಂಡ್ ಬಪ್ಪ್ದಲ್ಲ. ಓಡ್!"

ಅದು ಬೈಗುಳದ ಸ್ವರ. ಆ ಸ್ವರಕ್ಕೆ ನಮ್ಮ ಕಾಲು ಹೇಗೆ ತಾನಾಗಿ ಓಡುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಓಡಿದೆ. ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ನನ್ನ ಹಳೆಯ ಆಟವನ್ನೂ ಆಡಿದೆ. ಅವರು ಬಗ್ಗಿದ್ದು ಮಾತ್ರ ಕಂಡಿತು. ತೊಡೆಗೆ ಕೆನ್ನೆ ಬಂದು ಒತ್ತಿತು, ಮೊಣಕಾಲ ಹಿಂದೆ ಎರಡು ಕೈ ಗಂಟು ಬಿದ್ದವು, ಭುಜ ಒಮ್ಮೆ ನೂಕಿತು. ಆಮೇಲೆ ಬಾಯಿಯ ತುಂಬ ಮರಳು.

ಸುಜನಾ, ಅವರ ತಲೆ ನನ್ನ ಹಿಂಬದಿಗಿತ್ತು. ಎದುರಿಗಲ್ಲ. ಅದನ್ನು ಕಲಿಯಲು ನಮಗೆ ಎಷ್ಟು ಕಾಲ ಬೇಕಾಯಿತು, ನಿನ್ನ ಮೂಗು ಎಷ್ಟು ಸಲ ಒಡೆಯಿತು! ಬೀಳುವಾಗ ಅವರು ಬಾಯಲ್ಲೇ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು: "ತಲಿ ಹಿಂದೆ, ಕೆನ್ನಿ ತೊಡಿಗೆ, ಕೈ ಕಟ್ಟ್." ಅದೇ ಮಾತು, ಅದೇ ಕ್ರಮ. ಬಿದ್ದ ಕೂಡಲೇ ನನ್ನನ್ನು ಬಿಟ್ಟರು, ನನಗಿಂತ ಮೊದಲು ಎದ್ದರು, ಕೈ ಕೊಟ್ಟು ಎತ್ತಿದರು. ಮರಳು ಕೊಡವಿಕೊಳ್ಳುತ್ತಾ, ಮೈಕು ಇಲ್ಲದೆ, ಹತ್ತಿರ ಇದ್ದವರಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಬೊಂಬಾಯಿಲ್ ಒಂದೇ ಖೋಲಿ. ಹಾಸ್ಗಿ ಹಾಸಿ ನಂಗೆ ಇದ್ ಕಲ್ಸಿದ್ದ್. ಕಾಣ್, ಸಮ ಬಿದ್ರೆ ನೋವಾತಿಲ್ಲೆ, ಇನ್ನಾದ್ರೂ ಕಣ್ ತೆಗಿ ಅಂತಿದ್ರ್. ಕಲ್ತೆ. ಆದ್ರೂ ಕಣ್ ತೆಗಿಲಿಲ್ಲೆ. ನಾ ಹೇಳ್ದೆ ಅಂದೇಳಿ ಆಟ ಬಿಟ್ರ್. ಆಮೇಲೆ ನನ್ನೊಟ್ಟಿಗೆ ಮಾತೂ ಬಿಟ್ರ್."

ರಾಘವೇಂದ್ರಣ್ಣ ಮೊದಲು ನನ್ನ ಕೈಕಾಲು ಸರಿ ಇದೆಯೇ ಎಂದು ಮುಟ್ಟಿ ನೋಡಿದ. ಆಮೇಲೆ ಮೈಕು ಹಿಡಿದು, "ಶೀಲ್ಡಿಗೆ ರಗ್ಬಿ ಅಂತ್ಲೇ ಬರ್ಸುವ," ಎಂದ. "ಫ್ಲೆಕ್ಸಿಂದ ಆ ಕಾಲ್ ತೆಗಿನಿ," ಎಂದೂ ಸೇರಿಸಿದ.

ಆದ್ದರಿಂದ ಬಳಗದ ಆಜ್ಞೆ ಹೀಗಿದೆ: ಆ ವಾಚ್‌ಮನ್ ಅಜ್ಜನನ್ನು ಇನ್ನು ಕಾಡಬೇಡ. ಅವನು ಹೇಳಿದ್ದು ಸುಳ್ಳಲ್ಲ, ಅವನ ಪಾಳಿ ಬೆಳಗ್ಗಿನದಾಗಿರಬೇಕು, ಭಾನುವಾರದ ಆಟ ಅವನು ಕಂಡಿರಲಿಕ್ಕಿಲ್ಲ. ಜನವರಿಗೆ ರಜೆ ಹಾಕಿ ಬಾ. ನೀನಿಲ್ಲದೆ ನಾವು ಆರೇ ಜನ. ಒಬ್ಬ ಕಮ್ಮಿ ಇದ್ದಾನೆಂದು ದಾರಿಹೋಕನೊಬ್ಬನನ್ನು ಕರೆದು ನಿಲ್ಲಿಸಿದರೆ, ಅವನು ನಿನಗಿಂತ ಚೆನ್ನಾಗಿ ಆಡಿಬಿಡುವ ಅಪಾಯ ಇದೆ.

ಸುದ್ದಿಯನ್ನು ಬಚ್ಚಿಟ್ಟ ಈ ಒಂದು ವಾರ ನಾನು ಅವರನ್ನು ನಂಬಿರಲಿಲ್ಲ. ಅದನ್ನು ನಿನಗೊಬ್ಬನಿಗೇ ಬರೆದಿದ್ದೇನೆ. ಓದಿ ಹರಿದುಹಾಕು, ಕ್ಯಾಂಟೀನಿನಲ್ಲಿ ಇದರೊಳಗೆ ಬಜ್ಜಿ ಕಟ್ಟಿಕೊಡಬೇಡ.

ಇತಿ, ಎಡ ಭುಜಕ್ಕೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿರುವ,
ಶೈಲೇಶ

ವಿ.ಸೂ: ಬುಧವಾರ. ಕಾಗದ ಅಂಚೆಗೆ ಹಾಕುವ ಮೊದಲು ಇದನ್ನು ಬರೆಯದೆ ಆಗುವುದಿಲ್ಲ. ಈ ಸಂಜೆ ಸುಗುಣಕ್ಕ ಬೈಂದೂರಿನಿಂದ ಬಸ್ಸಿನಲ್ಲಿ ಬಂದರು. ನಮಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ಮರಳಲ್ಲಿ ಕೂತರು. ನಾವು ಆಡಿದೆವು. ಯಾರು ಬಿದ್ದರೂ ತಿರುಗದೆಯೇ, "ಮೊಣಕೈ ಮೊದ್ಲ್ ಬಿತ್ತ್," "ಇದ್ ಸಮ ಆಯ್ತ್," ಎಂದು ಸದ್ದು ಕೇಳಿಯೇ ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಪರೀಕ್ಷೆಗೆಂದು ಮರಳು ತುಂಬಿದ ಚೀಲವೊಂದನ್ನು ದೊಪ್ಪೆಂದು ಬೀಳಿಸಿದೆ. "ಹುಡ್ಗಾಟ ಸಾಕ್," ಎಂದರು. ಕೊನೆಗೆ ಸೋಮನಿಗೆ ಚೆಂಡು ಸಿಕ್ಕಿತು. ನನ್ನನ್ನು ದಾಟಿದ, ಎಲ್ಲರನ್ನೂ ದಾಟಿದ, ಯಾರ ಕೈಗೂ ಸಿಗದೆ ಓಡುತ್ತಲೇ ಇದ್ದ. ಬೀಳುವ ಸದ್ದು ಬರಲೇ ಇಲ್ಲ. "ಎಂತಾಯ್ತಾ? ಇನ್ನೂ ಬೀಳ್ಲಿಲ್ಯಾ?" ಎಂದು ಕೇಳಿದರು. ಸುಗುಣಕ್ಕ ತಿರುಗಿ ನೋಡಿದರು.